‘ಚದುರ’ ಎಂಬ ಹಳೆಯ ಪದ: ಅರ್ಥ, ಬಳಕೆ, ಪದೇ ಪದೇ ಕೇಳುವ ಪ್ರಶ್ನೆಗಳು

‘ಚದುರ’ ಅಂದರೆ ಏನು?

ಜಾಣ, ನಿಪುಣ, ಚತುರ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಪರೀಕ್ಷೆಗೆ ಅಷ್ಟು ಸಾಕು, ಕಾವ್ಯ ಓದಲು ಸಾಲದು. ಹಳಗನ್ನಡದ ಚದುರನಲ್ಲಿ ಬರೀ ಬುದ್ಧಿ ಇದ್ದರಾಗದು, ಆ ಬುದ್ಧಿಯನ್ನು ಎಲ್ಲಿ, ಎಷ್ಟು ಬಳಸಬೇಕೆಂಬ ಅಳತೆಯೂ ಇರಬೇಕು. ಮಾತಿನ ಹದ ಬಲ್ಲವನು, ಎದುರಿನವರ ಮಾತನ್ನು ತೂಗಿ ನೋಡಬಲ್ಲವನು ಚದುರ. ಸಂದರ್ಭ ಶೃಂಗಾರದ್ದಾದರೆ ನಯ, ನಾಜೂಕು, ನಾಗರಿಕತೆ ಎಂಬ ಛಾಯೆಗಳೂ ಸೇರಿಕೊಳ್ಳುತ್ತವೆ. ಗುಣವನ್ನು ಹೇಳುವ ನಾಮಪದ ‘ಚದುರ್’. ಹೊಸಗನ್ನಡದಲ್ಲಿ ಅದು ‘ಚದುರು’.

ಇದು ಅಚ್ಚಗನ್ನಡದ ಪದವೇ?

ಅಲ್ಲ. ಸಂಸ್ಕೃತದ ‘ಚತುರ’ ಕನ್ನಡದ ನಾಲಿಗೆಗೆ ಒಗ್ಗಿ ‘ಚದುರ’ ಆಯಿತು. ಅಂದರೆ ಇದು ತದ್ಭವ. ಎರಡು ಸ್ವರಗಳ ನಡುವೆ ಸಿಕ್ಕ ‘ತ’ ಮೆತ್ತಗಾಗಿ ‘ದ’ ಆಗುವುದು ಕನ್ನಡದ ಹಳೆಯ ರೂಢಿ. ‘ವಸತಿ’ ಬಸದಿಯಾಗಿದ್ದು, ‘ಭೂತಿ’ ಬೂದಿಯಾಗಿದ್ದು, ‘ಚತುರಂಗ’ ಚದುರಂಗವಾಗಿದ್ದು ಇದೇ ದಾರಿಯಲ್ಲಿ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಬದಲಾವಣೆಗಳಿಗೆ ‘ಅಪಭ್ರಂಶ ಪ್ರಕರಣ’ ಎಂದು ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ತದ್ಭವ ಅಂದಾಕ್ಷಣ ಕೆಟ್ಟುಹೋದ ರೂಪ ಎಂದು ತಿಳಿಯುವವರಿದ್ದಾರೆ. ಮಳಖೇಡದ ನೇಮಿನಾಥ ಬಸದಿಯನ್ನು ಯಾರೂ ಕೆಟ್ಟುಹೋದ ವಸತಿ ಎನ್ನುವುದಿಲ್ಲ. ಚದುರನಿಗೂ ಅದೇ ಮಾನ ಸಲ್ಲಬೇಕು.

ಈ ಪದಕ್ಕೂ ಕಲಬುರಗಿಗೂ ಏನು ಸಂಬಂಧ?

ಈ ಪದ ಬರುವ ಅತಿ ಪ್ರಸಿದ್ಧ ಪದ್ಯ ಕವಿರಾಜಮಾರ್ಗದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವಾದ ಅದರ ಕಾಲ ಸುಮಾರು ಕ್ರಿ.ಶ. 850. ಬರೆದವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಅದು ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ, ಕಲಬುರಗಿಯಿಂದ ಸುಮಾರು 40 ಕಿ.ಮೀ. ಪದ್ಯ ಹೀಗಿದೆ:

ಪದನಱಿದು ನುಡಿಯಲುಂ ನುಡಿ
ದುದನಱಿದಾರಯಲುಮಾರ್ಪರಾ ನಾಡವರ್ಗಳ್
ಚದುರರ್ ನಿಜದಿಂ ಕುಱಿತೋ
ದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್

‘ಪದನಱಿದು’ ಅಂದರೆ ಹದವನ್ನು ಅರಿತು (‘ಱ’ ಹಳಗನ್ನಡದ ಇನ್ನೊಂದು ರಕಾರ, ಈಗ ಅದರ ಜಾಗದಲ್ಲಿ ‘ರ’ ಬರೆಯುತ್ತೇವೆ). ಹಳಗನ್ನಡದ ‘ಪ’ ಮುಂದೆ ‘ಹ’ ಆಯಿತು, ಹಾಗಾಗಿ ‘ಪದನ್’ ಇಂದಿನ ‘ಹದ’. ‘ನುಡಿದುದನಱಿದು ಆರಯಲುಂ’ ಅಂದರೆ ಇನ್ನೊಬ್ಬರು ನುಡಿದದ್ದನ್ನು ಅರಿತು ಪರಿಶೀಲಿಸಲು. ‘ಆರ್ಪರ್’ ಅಂದರೆ ಸಮರ್ಥರು. ‘ಆ ನಾಡವರ್ಗಳ್’ ಅಂದರೆ ಆ ನಾಡಿನ ಜನ. ‘ಆ ನಾಡು’ ಯಾವುದೆಂದು ಕವಿ ಸ್ವಲ್ಪ ಮುಂಚೆಯೇ ಹೇಳಿದ್ದಾನೆ: ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡು. ಬೀದರ್ ಜಿಲ್ಲೆಯಲ್ಲಿ ಹರಿಯುವ ಮಾಂಜ್ರಾ ಹೋಗಿ ಸೇರುವುದೂ ಗೋದಾವರಿಯನ್ನೇ. ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಗಳವರು ಆ ಪದ್ಯದ ‘ನಾಡವರ್ಗಳ್’ ಒಳಗೇ ಬರುತ್ತಾರೆ.

ಒಂದು ಸೂಕ್ಷ್ಮವಿದೆ. ಅದೇ ಕವಿ ‘ಕನ್ನಡದ ತಿರುಳ್’ ಎಂದು ಗುರುತಿಸುವ ಪ್ರದೇಶ ಕಿಸುವೊಳಲು (ಪಟ್ಟದಕಲ್ಲು), ಕೊಪಣ (ಕೊಪ್ಪಳ), ಪುಲಿಗೆರೆ (ಲಕ್ಷ್ಮೇಶ್ವರ), ಒಂಕುಂದ (ಬೆಳಗಾವಿ ಜಿಲ್ಲೆಯ ಒಕ್ಕುಂದ) ಇವುಗಳ ನಡುವಿನದು. ರಾಜಧಾನಿ ಅದರೊಳಗಿಲ್ಲ. ಆದರೆ ‘ಚದುರರ್’ ಎಂಬ ಹೊಗಳಿಕೆಗೆ ಅವನು ಅಂಥ ಗೆರೆ ಎಳೆದಿಲ್ಲ, ಅದು ನಾಡಿನವರೆಲ್ಲರಿಗೂ ಸಂದಿದೆ. ಈ ಭಾಗದ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಬೇಕಾದ ಮಾತು ಇದು.

‘ಕುರಿತೋದದೆಯುಂ’ ಅಂದರೆ ಓದು ಬರಹ ಬಾರದವರು ಎಂದೇ?

ಹಾಗೆ ಅರ್ಥ ಮಾಡಿದರೆ ಪದ್ಯ ಕುಗ್ಗುತ್ತದೆ. ‘ಕುಱಿತು ಓದು’ ಅಂದರೆ ಅದನ್ನೇ ಗುರಿಯಾಗಿಟ್ಟುಕೊಂಡು ಕಲಿಯುವುದು, ಅಂದರೆ ಶಾಸ್ತ್ರಾಭ್ಯಾಸ. ಕಾವ್ಯಶಾಸ್ತ್ರವನ್ನು ಹಾಗೆ ಕುಳಿತು ಕಲಿಯದಿದ್ದರೂ ಕಾವ್ಯದ ಪ್ರಯೋಗದಲ್ಲಿ ಪಳಗಿದ ಬುದ್ಧಿಯುಳ್ಳವರು ಎಂಬುದು ತಾತ್ಪರ್ಯ. ‘ನಿಜದಿಂ’ ಎಂಬಲ್ಲೂ ಎಡವುವವರು ಬಹಳ. ಇಲ್ಲಿ ನಿಜ ಅಂದರೆ ಸತ್ಯವಲ್ಲ, ಸಹಜ ಸ್ವಭಾವ. ಪ್ರಾಸದ ಲಕ್ಷಣ ಹೇಳುವ ‘ನಿಜದಿಂ ಬಂದೊಡೆ ಸಿಂಹಂ’ ಎಂಬ ಸಾಲನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಅಲ್ಲಿಯ ‘ನಿಜದಿಂ’ ನೆನೆಯಲಿ, ಅರ್ಥ ಅದೇ. ಆದ್ದರಿಂದ ‘ಚದುರರ್ ನಿಜದಿಂ’ ಅಂದರೆ ಹುಟ್ಟುಗುಣದಿಂದಲೇ ಚದುರರು. ‘ನಿಜವಾಗಿಯೂ ಬುದ್ಧಿವಂತರು’ ಎಂದು ಭಾಷಣದಲ್ಲಿ ಹೇಳಿದರೆ ಕವಿಯ ಮಾತಿನ ಜೀವವೇ ಹೋಗುತ್ತದೆ.

ನುಡಿಯುವುದಷ್ಟೇ ಅಲ್ಲ, ನುಡಿದದ್ದನ್ನು ಆರಯ್ಯುವುದೂ ಈ ಜನರ ಗುಣ ಎನ್ನುತ್ತಾನೆ ಕವಿ. ಚದುರನಲ್ಲಿ ಅರ್ಧ ಮಾತುಗಾರ, ಅರ್ಧ ಕೇಳುಗ. ಈ ಎರಡನೆಯ ಅರ್ಧವನ್ನು ನಿಘಂಟುಗಳು ಹೇಳುವುದಿಲ್ಲ. ಪದ್ಯ ಓದಿಯೇ ತಿಳಿಯಬೇಕು.

ಹಾಗಾದರೆ ‘ಜಾಣ’ನಿಗೂ ‘ಚದುರ’ನಿಗೂ ಏನು ವ್ಯತ್ಯಾಸ?

ನಿತ್ಯದ ಮಾತಿನಲ್ಲಿ ವ್ಯತ್ಯಾಸವಿಲ್ಲ. ಆದರೆ ಕವಿರಾಜಮಾರ್ಗದಲ್ಲಿ ಎರಡೂ ಪದ ಬೆನ್ನುಬೆನ್ನಿಗೆ ಬರುತ್ತವೆ. ಮೇಲಿನ ಪದ್ಯದ ಮರುಪದ್ಯದಲ್ಲಿ, ಕುರಿತು ಓದಿದವರಲ್ಲದೆ ಉಳಿದವರೂ ತಂತಮ್ಮ ನುಡಿಯಲ್ಲಿ ‘ಜಾಣರ್’ ಎಂದಿದೆ. ಅಲ್ಲಿ ಚಿಕ್ಕ ಮಕ್ಕಳ ಮಾತು ಬರುತ್ತದೆ, ಮೂಗರ ಮಾತೂ ಬರುತ್ತದೆ. ಎರಡನ್ನೂ ಸೇರಿಸಿ ಓದಿದರೆ ನಮಗೆ ಕಾಣುವುದು ಹೀಗೆ: ಬದುಕಿನಿಂದ ಬಂದ ತಿಳಿವಳಿಕೆ ಇರುವವನು ಜಾಣ, ಆ ತಿಳಿವಳಿಕೆಯನ್ನು ಮಾತಿನ ಕುಸುರಿಗೆ ತಂದವನು ಚದುರ. ಕುಮಾರವ್ಯಾಸ ‘ಇಳೆಯ ಜಾಣರು ಮೆಚ್ಚುವಂತಿರೆ’ ಎಂದಾಗ ಅವನು ಕರೆಯುವ ಜಾಣರು ಕಾವ್ಯದ ರಸ ಬಲ್ಲವರು. ಅಷ್ಟು ಹೊತ್ತಿಗೆ ‘ಜಾಣ’ನೇ ಚದುರನ ಜಾಗಕ್ಕೆ ಬಂದಿದ್ದ.

ಪದ್ಯದಲ್ಲಿ ‘ಚದುರರ್’ ಬದಲು ‘ಚತುರರ್’ ಎಂದು ಬರೆದರೆ ತಪ್ಪೇ?

ತಪ್ಪು. ಅರ್ಥ ಕೆಡುವುದಿಲ್ಲ, ಪ್ರಾಸ ಮುರಿಯುತ್ತದೆ. ಕಂದಪದ್ಯದಲ್ಲಿ ನಾಲ್ಕೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಇಲ್ಲಿ ಸಾಲುಗಳ ಮೊದಲಕ್ಷರಗಳನ್ನು ನೋಡಿ: ಪದ, ದುದ, ಚದು, ದದೆ. ನಾಲ್ಕರಲ್ಲೂ ‘ದ’ಕಾರ. ‘ಚತುರರ್’ ಎಂದರೆ ಮೂರನೆಯ ಸಾಲಿನಲ್ಲಿ ‘ತ’ ಬಂದು ಸರಪಳಿ ತುಂಡಾಗುತ್ತದೆ. ಮಾತ್ರೆ (ಅಕ್ಷರದ ಉಚ್ಚಾರಕ್ಕೆ ಹಿಡಿಯುವ ಕಾಲದ ಅಳತೆ; ಲಘುವಿಗೆ ಒಂದು, ಗುರುವಿಗೆ ಎರಡು) ಮಾತ್ರ ಕೆಡುವುದಿಲ್ಲ: ಚದುರರ್, ಚತುರರ್ ಎರಡೂ ಲಘು, ಲಘು, ಗುರು ಸೇರಿ ನಾಲ್ಕೇ ಮಾತ್ರೆ. ಅದಕ್ಕೇ ತಪ್ಪು ಕಿವಿಗೆ ಬೇಗ ತಾಗುವುದಿಲ್ಲ.

ಪದ್ಯವನ್ನು ಗಟ್ಟಿಯಾಗಿ ಓದುವಾಗ ಎಲ್ಲಿ ನಿಲ್ಲಬೇಕು?

ಸಾಲಿನ ಕೊನೆಯಲ್ಲಿ ನಿಲ್ಲಬಾರದು. ಮೊದಲ ಸಾಲು ‘ನುಡಿ’ ಎಂದು ಮುಗಿದು ಎರಡನೆಯದು ‘ದುದನಱಿದು’ ಎಂದು ಶುರುವಾಗುತ್ತದೆ, ಆದರೆ ಪದ ‘ನುಡಿದುದನ್’. ಮೂರನೆಯ ಸಾಲಿನ ಕೊನೆಯ ‘ಕುಱಿತೋ’ ಕೂಡ ಹಾಗೆಯೇ, ಪದ ‘ಕುಱಿತೋದದೆಯುಂ’. ಸಭೆಯಲ್ಲಿ ‘ಕುರಿತೋ…’ ಎಂದು ಎಳೆದು, ಉಸಿರು ತೆಗೆದುಕೊಂಡು, ‘ದದೆಯುಂ’ ಎಂದರೆ ಕೇಳುವವರಿಗೆ ಏನೂ ತಿಳಿಯದು.

ಉಸಿರು ತೆಗೆಯುವ ಜಾಗ ಮೂರು. ‘ಪದನಱಿದು ನುಡಿಯಲುಂ’ ಆದ ಮೇಲೆ ಚಿಕ್ಕ ನಿಲುಗಡೆ. ‘ಆ ನಾಡವರ್ಗಳ್’ ಆದ ಮೇಲೆ ದೊಡ್ಡದು. ‘ಚದುರರ್ ನಿಜದಿಂ’ ಆದ ಮೇಲೆ ಮತ್ತೊಂದು. ಅಲ್ಲಿಂದ ಕೊನೆಯವರೆಗೆ ಒಂದೇ ಓಟ. ‘ನಿಜದಿಂ’ ಪದವನ್ನು ಮುಂದಿನ ‘ಕುಱಿತೋದದೆಯುಂ’ಗೆ ಕೂಡಿಸಿ ಓದುವವರೂ ಇದ್ದಾರೆ. ವ್ಯಾಕರಣ ಅಡ್ಡ ಬರುವುದಿಲ್ಲ, ಆದರೆ ‘ಚದುರರ್’ ಆಗ ಒಂಟಿಯಾಗಿ ಬಡವಾಗುತ್ತದೆ. ಕೂಡಿಸದಿರುವುದೇ ಮೇಲು.

ರಾಜ್ಯೋತ್ಸವದ ಬ್ಯಾನರಿಗೆ ಈ ಸಾಲು ಹಾಕಬೇಕು. ಯಾವ ತಪ್ಪುಗಳಾಗುತ್ತವೆ?

ನವೆಂಬರ್ 1ರ ಹಿಂದೆ ಮುಂದೆ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಹೊತ್ತಿಗೆ ಈ ಪ್ರಶ್ನೆ ಹೆಚ್ಚು ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ‘ಪರಿಣಿತ’. ಸರಿಯಾದ ರೂಪ ‘ಪರಿಣತ’, ‘ಣ’ಕ್ಕೆ ಗುಡಿಸು ಇಲ್ಲ. ಇಲ್ಲೂ ಮಾತ್ರೆ ಬದಲಾಗದ ಕಾರಣ ಓದುವಾಗ ಗೊತ್ತಾಗುವುದಿಲ್ಲ. ಎರಡನೆಯದು ಈಗಾಗಲೇ ಹೇಳಿದ ‘ಚತುರರ್’. ಮೂರನೆಯದು ‘ನಾಡವರ್ಗಳ್’ ಎಂಬುದನ್ನು ‘ನಾಡವರ್ಗಲ್’, ‘ನಾಡ ವರ್ಗಗಳ್’ ಎಂದೆಲ್ಲ ತಿದ್ದುವುದು. ‘ವರ್ಗ’ಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ನಾಡವರ್ ಎಂಬುದಕ್ಕೆ ‘ಗಳ್’ ಸೇರಿದ ಬಹುವಚನ.

ಇನ್ನು ‘ಱ’ ಅಕ್ಷರ. ಹಳೆಯ ಫಾಂಟುಗಳಲ್ಲಿ ಅದು ಇಲ್ಲದಿದ್ದರೆ ಫ್ಲೆಕ್ಸ್ ಅಂಗಡಿಯಲ್ಲಿ ಖಾಲಿ ಚೌಕವೋ ಇನ್ಯಾವುದೋ ಗುರುತೋ ಅಚ್ಚಾಗಿಬಿಡುತ್ತದೆ. ಯೂನಿಕೋಡಿನಲ್ಲಿ ಱ ಇದೆ. ಆದ್ದರಿಂದ ಯೂನಿಕೋಡಿನಲ್ಲೇ ಟೈಪ್ ಮಾಡಿ, ಅಂಗಡಿಯವರು ಬೇರೆ ಫಾಂಟಿಗೆ ಬದಲಿಸಿದ ಮೇಲೆ ಒಂದು ಪ್ರೂಫ್ ತರಿಸಿಕೊಂಡು ನೋಡಿ. ಆಗದಿದ್ದರೆ ಎಲ್ಲ ಕಡೆ ‘ರ’ ಬಳಸಿ: ಪದನರಿದು, ದುದನರಿದು, ಕುರಿತೋದದೆಯುಂ. ಹೊಸಗನ್ನಡದ ಮುದ್ರಣಗಳಲ್ಲಿ ಹಾಗೆ ಅಚ್ಚು ಹಾಕುವುದುಂಟು. ಒಂದು ಕಡೆ ಱ, ಇನ್ನೊಂದು ಕಡೆ ರ ಮಾಡುವುದು ಮಾತ್ರ ಬೇಡ. ‘ಚದುರರ್’ನಲ್ಲಿ ಯಾವಾಗಲೂ ‘ರ’ವೇ, ಅಂದವಾಗಿ ಕಾಣಲೆಂದು ‘ಚದುಱರ್’ ಎಂದು ಬರೆಯಬಾರದು.

ಜನ ‘ಚದುರಿ’ ಹೋದರು ಎನ್ನುತ್ತೇವಲ್ಲ, ಅದೇ ಪದವೇ ಇದು?

ಅಲ್ಲ. ಚೆಲ್ಲಾಪಿಲ್ಲಿಯಾಗು ಎಂಬ ಅರ್ಥದ ‘ಚದುರು’ ದ್ರಾವಿಡ ಮೂಲದ ಕ್ರಿಯಾಪದ. ಹಳಗನ್ನಡದಲ್ಲಿ ಅದು ‘ಚೆದಱು’, ‘ಕೆದಱು’, ಬರೆಯುವುದು ‘ಱ’ದಿಂದ. ಜಾಣನೆಂಬ ಅರ್ಥದ ಚದುರ ಸಂಸ್ಕೃತದಿಂದ ಬಂದದ್ದು, ಅದರಲ್ಲಿ ಸಾದಾ ‘ರ’. ಱಕಾರ ಬಿದ್ದುಹೋದ ಮೇಲೆ ಎರಡೂ ಕಣ್ಣಿಗೆ ಒಂದೇ ತರಹ ಕಾಣತೊಡಗಿದವು. ‘ಚದುರ’ ಸಾಮಾನ್ಯ ಮಾತಿನಿಂದ ಹಿಂದೆ ಸರಿಯಲು ಈ ಗೊಂದಲವೂ ಒಂದು ಕಾರಣವಿರಬೇಕು ಎಂಬುದು ನಮ್ಮ ಅಭಿಪ್ರಾಯ.

‘ಚದರ ಅಡಿ’ಯ ಚದರ, ಆಟದ ‘ಚದುರಂಗ’ ಇವು ನಾಲ್ಕು ಎಂಬ ಅರ್ಥದ ‘ಚತುರ್’ ಕುಟುಂಬಕ್ಕೆ ಸೇರಿದವು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆ ಚತುರಂಗ. ಅದರಲ್ಲಿ ಜಾಣತನದ ಮಾತಿಲ್ಲ.

ಹಳಗನ್ನಡದಲ್ಲಿ ಇದರ ರೂಪಗಳು ಯಾವುವು?

ಏಕವಚನ: ಚದುರಂ, ಚದುರನಂ, ಚದುರನಿಂ, ಚದುರಂಗೆ, ಚದುರನ, ಚದುರನೊಳ್. ಬಹುವಚನ: ಚದುರರ್, ಚದುರರಂ, ಚದುರರಿಂ, ಚದುರರ್ಗೆ, ಚದುರರ, ಚದುರರೊಳ್. ಹೆಣ್ಣಿಗೆ ಚದುರೆ, ಬಹುವಚನ ಚದುರೆಯರ್.

ಎಡವುವ ಜಾಗ ‘ಚದುರಂಗೆ’. ಅವಸರದಲ್ಲಿ ಓದಿದರೆ ಚದುರಂಗದಾಟ ನೆನಪಾಗುತ್ತದೆ. ಅದು ‘ಚದುರನಿಗೆ’. ಇನ್ನೊಂದು: ‘ನಾಡವರ್ಗಳ್ ಚದುರರ್’ ಎಂಬಲ್ಲಿ ‘ಆಗಿದ್ದಾರೆ’ ಎಂಬ ಕ್ರಿಯಾಪದ ಹುಡುಕಬೇಡಿ. ‘ಚದುರರ್’ ಎಂದರೇ ವಾಕ್ಯ ಮುಗಿಯಿತು. ಇಂದಿಗೂ ‘ಅವರು ಜಾಣರು’ ಎನ್ನುತ್ತೇವಲ್ಲ, ಹಾಗೆ.

‘ಚದುರೆ’ ಎಂದರೆ ಬರೀ ಚೆಲುವೆ ಎಂದು ಅರ್ಥ ಹೇಳಿಕೊಟ್ಟಿದ್ದಾರೆ. ಸರಿಯೇ?

ನಡುಗನ್ನಡದ ಕಾವ್ಯಗಳಲ್ಲಿ, ಆಮೇಲಿನ ಹಾಡು ಪ್ರಸಂಗಗಳಲ್ಲಿ ‘ಚದುರೆ’ ಹೆಣ್ಣನ್ನು ಕರೆಯುವ ಮಾತಾಗಿ ಸವೆದಿದೆ. ಎಷ್ಟೋ ಕಡೆ ಅರ್ಥಕ್ಕಿಂತ ಲಯಕ್ಕಾಗಿ ಬಂದಿರುತ್ತದೆ. ಇದಕ್ಕೆ ಛಂದಸ್ಸಿನ ಅನುಕೂಲವೂ ಇದೆ. ಭಾಮಿನಿ ಷಟ್ಪದಿ ನಡೆಯುವುದು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳಲ್ಲಿ. ‘ಚದುರೆ’ ಮೂರು ಲಘು, ಮೂರೇ ಮಾತ್ರೆ, ಯಾವ ಮೂರರ ಗಣದಲ್ಲಾದರೂ ಕೂರುತ್ತದೆ. ಹಾಗೆಂದು ಎಲ್ಲ ಕಡೆ ‘ಚೆಲುವೆ’ ಎಂದುಬಿಟ್ಟರೆ ಅನ್ಯಾಯ. ಅವಳು ಮಾತಾಡುವ, ಉಪಾಯ ಹೂಡುವ, ಸಂದರ್ಭ ಗೆಲ್ಲುವ ಜಾಗದಲ್ಲಿ ‘ಜಾಣೆ’ ಎಂಬ ಮೂಲ ಅರ್ಥವೇ ಬೇಕು. ಮೊದಲು ಹಿಂದುಮುಂದಿನ ಪದ್ಯ ನೋಡಿ, ಆಮೇಲೆ ಅರ್ಥ ಬರೆಯಿರಿ.

ನಮ್ಮ ಕಡೆ ಮಾತಿನಲ್ಲಿ ಇದಕ್ಕೆ ಏನನ್ನುತ್ತಾರೆ?

ಕಲಬುರಗಿ, ಬೀದರ್, ಯಾದಗಿರಿ ಕಡೆ ‘ಶಾಣ್ಯಾ’, ‘ಹುಷಾರ್’. ‘ಅಂವ ಭಾಳ ಶಾಣ್ಯಾ ಹಾನ’ ಎಂದರೆ ಹೊಗಳಿಕೆ. ‘ಭಾಳ ಶಾಣ್ಯಾ ಆಗಬ್ಯಾಡ’ ಎಂದರೆ ಬೈಗುಳ. ‘ಚಾಲಾಕ್’ ಎಂಬುದರಲ್ಲಿ ಕೊಂಚ ಕಪಟದ ವಾಸನೆ ಇದೆ. ಚದುರನಿಗೆ ಈ ಎರಡನೆಯ ಮುಖ ಇಲ್ಲ; ಹಳಗನ್ನಡದಲ್ಲಿ ಅದು ಮೆಚ್ಚುಗೆಯ ಪದ. ಆದ್ದರಿಂದ ತರಗತಿಯಲ್ಲಿ ಪಾಠ ಮಾಡುವಾಗ ‘ಶಾಣ್ಯಾ’ ಎಂದು ಬಿಡಿಸಿ ಹೇಳುವುದಾದರೆ ‘ಮಾತಿನ ಹದ ಗೊತ್ತಿದ್ದ ಶಾಣ್ಯಾ’ ಎಂದು ಸೇರಿಸಿ. ಮಕ್ಕಳಿಗೆ ತಟ್ಟನೆ ಹತ್ತುತ್ತದೆ.

ಇಂದಿನ ಬರಹದಲ್ಲಿ ಬಳಸಬಹುದೇ?

ಬಳಸಿ, ಆದರೆ ಜಾಗ ನೋಡಿ. ಕವಿತೆ, ಲಲಿತ ಪ್ರಬಂಧ, ವ್ಯಕ್ತಿಚಿತ್ರ, ಅಭಿನಂದನಾ ಪತ್ರ ಇಲ್ಲೆಲ್ಲ ಒಪ್ಪುತ್ತದೆ. ವರದಿ, ಅರ್ಜಿ, ಸುದ್ದಿಗಳಲ್ಲಿ ಒಪ್ಪದು: ‘ಚದುರ ಅಧಿಕಾರಿ’ ಎಂದರೆ ಓದುಗ ನಿಂತು ನೋಡುತ್ತಾನೆ. ಒಂದು ಬರಹಕ್ಕೆ ಒಂದು ಸಲ ಸಾಕು. ಮಾತು ಬಲ್ಲವರಿಗೇ ಅದನ್ನು ಮೀಸಲಿಡಿ. ಲೆಕ್ಕದಲ್ಲಿ ಚುರುಕಾದವನಿಗೆ, ಓಟದಲ್ಲಿ ಗೆದ್ದವನಿಗೆ ಬೇರೆ ಪದಗಳಿವೆ.

ಸಮಾಸ ಮಾಡುವಾಗ ಎಚ್ಚರ ಬೇಕು. ತದ್ಭವ ಕನ್ನಡದ ಪದವೆಂದೇ ಲೆಕ್ಕ. ಅದಕ್ಕೆ ಸಂಸ್ಕೃತ ಪದ ಅಂಟಿಸಿದರೆ ಅರಿಸಮಾಸವಾಗುತ್ತದೆ. ಕನ್ನಡ ಸಂಸ್ಕೃತಗಳನ್ನು ಹದ ತಪ್ಪಿ ಬೆಸೆಯುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಕವಿರಾಜಮಾರ್ಗವೇ ಎಚ್ಚರಿಸಿದೆ. ‘ಚದುರಮತಿ’, ‘ಚದುರಭಾಷಿ’ ಬೇಡ. ‘ಚದುರನುಡಿ’, ‘ಚದುರುಮಾತು’ ಸರಿ. ಸಂಸ್ಕೃತ ಪದವೇ ಬೇಕಿದ್ದರೆ ‘ಚತುರಮತಿ’ ಎನ್ನಿ. ಶ್ರೀವಿಜಯ ಮಾಡಿದ್ದನ್ನು ಗಮನಿಸಿ: ‘ಚದುರರ್’ ಬಿಡಿಯಾಗಿ ನಿಂತಿದೆ, ‘ಕಾವ್ಯಪ್ರಯೋಗ ಪರಿಣತಮತಿ’ ಪೂರ್ತಿ ಸಂಸ್ಕೃತ ಸಮಾಸ. ಎರಡನ್ನೂ ಒಂದೇ ಪದ್ಯದಲ್ಲಿ ಇಟ್ಟಿದ್ದಾನೆ, ಹೊಲಿದಿಲ್ಲ.

ಚದುರ ಇಟ್ಟು ನಾನೇ ಒಂದು ಕಂದ ಬರೆಯಬೇಕು. ಲೆಕ್ಕ ಹೇಗೆ?

ಕಂದದ ಗಣಗಳೆಲ್ಲ ನಾಲ್ಕು ಮಾತ್ರೆಯವು. ಒಂದು, ಮೂರನೆಯ ಸಾಲಿಗೆ ಮೂರು ಗಣ, 12 ಮಾತ್ರೆ. ಎರಡು, ನಾಲ್ಕನೆಯ ಸಾಲಿಗೆ ಐದು ಗಣ, 20 ಮಾತ್ರೆ. ಪ್ರತಿ ಅರ್ಧದಲ್ಲಿ ಎಂಟು ಗಣ. ಅವುಗಳಲ್ಲಿ ಆರನೆಯದು, ಅಂದರೆ ಉದ್ದ ಸಾಲಿನ ಮೂರನೆಯ ಗಣ, ಲಘು ಗುರು ಲಘು ಅಥವಾ ನಾಲ್ಕೂ ಲಘು ಆಗಿರಬೇಕು. ಬೆಸ ಸಂಖ್ಯೆಯ ಗಣಗಳಲ್ಲಿ ಲಘು ಗುರು ಲಘು ಬರಬಾರದು. ಮಳಖೇಡದ ಪದ್ಯದಲ್ಲಿ ಆರನೆಯ ಗಣಗಳು ‘ಲುಮಾರ್ಪ’, ‘ಪ್ರಯೋಗ’. ಎರಡೂ ಕರಾರುವಾಕ್ಕು.

‘ಚದುರಂ’, ‘ಚದುರರ್’ ಒಂದೊಂದೂ ಒಂದು ಇಡೀ ಗಣ. ಆರನೆಯ ಜಾಗ ಬಿಟ್ಟು ಎಲ್ಲಿಯಾದರೂ ಇಡಬಹುದು. ಸಾಲಿನ ಮೊದಲಿಗೇ ಇಟ್ಟರೆ ಉಳಿದ ಮೂರು ಸಾಲೂ ಲಘುವಿನಿಂದ ಶುರುವಾಗಿ ಎರಡನೆಯ ಅಕ್ಷರ ‘ದ’ಕಾರ ಆಗಬೇಕು. ಪದ, ಮುದ, ಎದೆ, ಮೊದಲ್, ಕುದುರೆ, ಒದವು, ಬೆದರು ಇವು ಕೈಗೆ ಸಿಗುತ್ತವೆ. ‘ನಾದ’, ‘ವೇದ’ ಇಟ್ಟರೆ ಕೆಟ್ಟಿತು, ಮೊದಲಕ್ಷರ ಗುರು.

ಅಭ್ಯಾಸಕ್ಕೆ ಈ ಪದ್ಯವನ್ನೇ ಪ್ರಸ್ತಾರ ಹಾಕುವವರು ಎರಡನೆಯ ಸಾಲಿನ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ‘ಡವರ್ಗಳ್’ ಎಂಬಲ್ಲಿ ‘ವ’ ಒತ್ತಕ್ಷರದ ಹಿಂದಿದೆ, ಗುರು ಎಂದರೆ ಐದು ಮಾತ್ರೆ, ಸಾಲು 21. ಇದು ಶಿಥಿಲದ್ವಿತ್ವ: ‘ರ್ಗ’ವನ್ನು ತೇಲಿಸಿ ಉಚ್ಚರಿಸಿ ‘ವ’ವನ್ನು ಲಘುವೆಂದು ಹಿಡಿಯಬೇಕು. ಆಗ ಸರಿಯಾಗಿ 20.

ನಿಘಂಟಿನಲ್ಲಿ, ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದಿಲ್ಲ. ಏನು ಮಾಡಲಿ?

ಪಠ್ಯದಲ್ಲಿ ಕಂಡ ರೂಪವನ್ನೇ ಹುಡುಕಬೇಡಿ. ‘ಚದುರನೊಳ್’, ‘ಚದುರರ್ಗೆ’ ಇವುಗಳ ಪ್ರತ್ಯಯ ಕಳಚಿ ‘ಚದುರ’ಕ್ಕೆ ಬನ್ನಿ. 1894ರ ಕಿಟ್ಟೆಲ್ ನಿಘಂಟಿನಲ್ಲಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನಲ್ಲಾಗಲಿ ಚದರ, ಚದುರ, ಚದುರು ಹತ್ತಿರ ಹತ್ತಿರವೇ ಇರುತ್ತವೆ. ಕಣ್ಣಿಗೆ ಬಿದ್ದ ಮೊದಲನೆಯದನ್ನೇ ಬರೆದುಕೊಳ್ಳದೆ ಮೂರನ್ನೂ ಓದಿ. ಅಂತರ್ಜಾಲದಲ್ಲಿ ‘ಚದುರ’ ಎಂದು ಹಾಕಿದರೆ ಗುಂಪು ಚದುರಿಸಿದ ಪೊಲೀಸರ ಸುದ್ದಿಯೇ ತುಂಬಿರುತ್ತದೆ. ಬದಲಿಗೆ ‘ಚದುರರ್’, ‘ಚದುರಂ’, ‘ಚದುರೆಯರ್’ ಎಂದು ಹಳಗನ್ನಡದ ಪ್ರತ್ಯಯ ಸಮೇತ ಹುಡುಕಿ. ಪದ್ಯ ಸಿಕ್ಕಿದರೆ ರ ಇರುವ ಪಾಠ, ಱ ಇರುವ ಪಾಠ ಎರಡನ್ನೂ ಹೋಲಿಸಿ ನೋಡಿ. ಱ ಉಳಿಸಿಕೊಂಡ ಮುದ್ರಣದಲ್ಲಿ ‘ಚೆದಱು’, ‘ಚದುರ್’ ಎಂದೂ ಬೆರೆಯುವುದಿಲ್ಲ.